ಶಾಲೆಯ ಬಾಗಿಲಲ್ಲಿ ಸಿಹಿ ಸೀಸೆ: ಸರಕಾರವು ತಡೆಯತಕ್ಕದ್ದೇ?



ಮಕ್ಕಳ ಊಟ ಉಡುಗೆಗಳ ವಿಚಾರವು ತಾಯಿತಂದೆಗಳಿಗೆ ಸೇರಿದ್ದು. ಅದರಲ್ಲಿ ಸರಕಾರವು ಕೈ ಹಾಕುವುದೇಕೆ ಎಂದು ಕೇಳುವವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಮಗುವಿನ ಕೈಗೆ ಹತ್ತು ರೂಪಾಯಿ ಕೊಟ್ಟು ಕಳಿಸುವವಳು ತಾಯಿ, ಅದನ್ನು ಒಯ್ದು ಸಿಹಿನೀರಿನ ಸೀಸೆಗೆ ತೆರುವುದು ಮಗು, ಮಾರುವವನು ಅಂಗಡಿಕಾರ. ಈ ಮೂವರ ನಡುವೆ ಅಧಿಕಾರಿಯೊಬ್ಬನು ನಾಲ್ಕನೆಯವನಾಗಿ ಬಂದು ನಿಲ್ಲುವುದು ಯೋಗ್ಯವೇ? ಈ ತಿಂಗಳು ಇದೇ ಪ್ರಶ್ನೆಯನ್ನು ವಿಚಾರಕ್ಕೆ ತೆಗೆದುಕೊಳ್ಳೋಣ. ಮಾತು ಬರಿಯ ತರ್ಕದಲ್ಲಿ ಕಳೆದುಹೋಗದಿರಲೆಂದು ಅದನ್ನು ನಮ್ಮ ನಾಡಿನ ಒಂದು ಮೂಲೆಯಲ್ಲಿ, ಎಂದರೆ ಬೀದರ ಜಿಲ್ಲೆಯ ಬಸವಕಲ್ಯಾಣ ಹುಮನಾಬಾದ ತಾಲೂಕುಗಳಲ್ಲಿ, ಇಟ್ಟು ನೋಡೋಣ.

ಈ ಎರಡು ತಾಲೂಕುಗಳನ್ನು ಆರಿಸಿಕೊಳ್ಳಲು ಕಾರಣವುಂಟು. ಪುಣೆಯ ಕಡೆಯಿಂದ ಹೈದರಾಬಾದಿಗೆ ಹೋಗುವ ೬೫ನೆಯ ರಾಷ್ಟ್ರೀಯ ಹೆದ್ದಾರಿಯು ಬಸವಕಲ್ಯಾಣದ ಬದಿಯಲ್ಲಿ ಸಸ್ತಾಪುರ ಬಂಗ್ಲೆಯನ್ನು ಮುಟ್ಟಿ, ಹುಮನಾಬಾದನ್ನು ಹಾದು ಮುಂದೆ ಸಾಗುತ್ತದೆ. ಹೆದ್ದಾರಿಯು ಬಂದಲ್ಲಿಗೆ ಪಟ್ಟಣದ ಸರಕೆಲ್ಲವೂ ಬರುತ್ತದೆ. ಅದರೊಡನೆ ಬಣ್ಣಬಣ್ಣದ ಸೀಸೆಗಳೂ ಬಂದಿವೆ. ಎರಡನೆಯದಾಗಿ, ಇದು ಕಬ್ಬು ಬೆಳೆಯುವ ಸೀಮೆ. ಹುಮನಾಬಾದ ಸೀಮೆಯ ಹಳ್ಳಿಖೇಡದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು ಕಟ್ಟಿಕೊಂಡ ರೈತರ ಸೀಮೆ. ಸಕ್ಕರೆಯ ಮೇಲೆ ಕಠೋರವಾಗಿ ಮಾತನಾಡುವುದು ಇಲ್ಲಿ ಸುಲಭವಲ್ಲ. ಮೂರನೆಯದಾಗಿ, ಇದು ದಾಸೋಹವೆಂಬ ಮಾತು ಬೆಳೆದು ಬಂದ ನೆಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರೂ ಅವರ ಸಂಗಡಿಗರೂ ಕಾಯಕದ ಜೊತೆಗೆ ಇರಿಸಿದ ಆ ಶಬ್ದವನ್ನೇ ನಮ್ಮ ರಾಜ್ಯ ಸರಕಾರವು ಶಾಲೆಯ ಮಧ್ಯಾಹ್ನದ ಊಟಕ್ಕೆ ಇಟ್ಟು ‘ಅಕ್ಷರ ದಾಸೋಹ’ವೆಂದು ಕರೆಯಿತು. ೨೦೦೨ರಲ್ಲಿ ಆ ಊಟವು ಮೊದಲು ಪ್ರಾರಂಭವಾದ ಉತ್ತರದ ಏಳು ಜಿಲ್ಲೆಗಳಲ್ಲಿ ಬೀದರವೂ ಒಂದು.

ಈ ಸೀಸೆಗಳಲ್ಲಿ ಇರುವುದೇನು ಎಂಬುದನ್ನು ಮೊದಲು ತಿಳಿಯಬೇಕು. ಸಿಹಿಪೇಯವೆಂದರೆ ಬುರುಗು ಏಳುವ ಕೋಲಾ ಮಾತ್ರವಲ್ಲ. ಕಿತ್ತಳೆ ನಿಂಬೆಗಳ ಹೆಸರಿನ ಸೋಡಾಗಳು, ಮಾವಿನ ಚಿತ್ರ ಹೊತ್ತ ಡಬ್ಬಿಗಳು, ಶಕ್ತಿ ಕೊಡುವುದಾಗಿ ಹೇಳಿಕೊಳ್ಳುವ ಪೇಯಗಳು ಎಲ್ಲವೂ ಈ ಸಾಲಿಗೆ ಸೇರಿದವೇ. ಸಾಧಾರಣ ಕೋಲಾದ ೧೦೦ ಮಿಲಿಲೀಟರಿನಲ್ಲಿ ಸುಮಾರು ೧೦-೧೧ ಗ್ರಾಂ ಸಕ್ಕರೆಯಿರುತ್ತದೆ. ಹತ್ತು ರೂಪಾಯಿಗೆ ದೊರೆಯುವ ೨೦೦ ಮಿಲಿಲೀಟರಿನ ಪುಟ್ಟ ಸೀಸೆಯಲ್ಲಿ ೨೦ ಗ್ರಾಮಿಗೆ ಕಡಮೆಯಿಲ್ಲ. ಚಹದ ಚಮಚೆಗೆ ೪ ಗ್ರಾಂ ಎಂದು ಲೆಕ್ಕ ಹಿಡಿದರೆ ಐದು ಚಮಚೆಗಳಾದವು. ಒಂದು ಲೋಟ ನೀರಿಗೆ ಐದು ಚಮಚೆ ಸಕ್ಕರೆ ಕದಡಿ ಮಗುವಿಗೆ ದಿನಾಲು ಕುಡಿಸೆಂದು ಯಾರಾದರೂ ಹೇಳಿದರೆ ಯಾವ ತಾಯಿಯು ಒಪ್ಪುವಳು? ಬಣ್ಣವೂ ವಾಯುವೂ ತಂಪೂ ಕೂಡಿದಾಗ ಮಾತ್ರ ಆ ಐದು ಚಮಚೆಗಳು ನಮ್ಮ ಕಣ್ಣಿಗೆ ಬೀಳದಾಗುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ, ಬೇರೆಯಾಗಿ ಬೆರೆಸಿದ ಸಕ್ಕರೆಯಿಂದ ದೊರೆಯುವ ಕಾವು ದಿನದ ಆಹಾರದ ಒಟ್ಟು ಕಾವಿನಲ್ಲಿ ನೂರಕ್ಕೆ ಹತ್ತನ್ನು ಮೀರಕೂಡದು. ಐದಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು. ದಿನಕ್ಕೆ ಸುಮಾರು ೧೬೦೦ ಕ್ಯಾಲರಿ ಬೇಕಾಗುವ ಒಂದು ಎಳೆಯ ಮಗುವಿಗೆ ನೂರಕ್ಕೆ ಐದೆಂದರೆ ೮೦ ಕ್ಯಾಲರಿ. ಗ್ರಾಮಿಗೆ ೪ರಂತೆ ೨೦ ಗ್ರಾಂ ಸಕ್ಕರೆ. ಎಂದರೆ ಆ ಪುಟ್ಟ ಸೀಸೆಯೊಂದೇ ದಿನದ ಪಾಲನ್ನೆಲ್ಲ ತೀರಿಸಿಬಿಡುತ್ತದೆ. ಆ ಮೇಲೆ ಮನೆಯ ಚಹದ ಸಕ್ಕರೆ, ಬಿಸ್ಕೀಟಿನ ಸಕ್ಕರೆ, ಹಬ್ಬದ ಹೋಳಿಗೆ ಎಲ್ಲವೂ ಮಿತಿಯ ಆಚೆಯವು. ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಯು ೨೦೨೫ರ ಮೇ ತಿಂಗಳಲ್ಲಿ ತನ್ನ ಶಾಲೆಗಳಿಗೆ ಬರೆದ ಸುತ್ತೋಲೆಯಲ್ಲಿ, ನಾಲ್ಕರಿಂದ ಹತ್ತು ವರ್ಷದ ಮಕ್ಕಳು ದಿನದ ಕಾವಿನಲ್ಲಿ ನೂರಕ್ಕೆ ೧೩ರಷ್ಟನ್ನೂ, ಹನ್ನೊಂದರಿಂದ ಹದಿನೆಂಟರವರು ೧೫ರಷ್ಟನ್ನೂ ಸಕ್ಕರೆಯಿಂದಲೇ ಪಡೆಯುತ್ತಿರುವರೆಂದು ಹೇಳಿ, ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆಯಿದೆಯೆಂದು ತಿಳಿಸುವ ‘ಸಕ್ಕರೆ ಫಲಕ’ಗಳನ್ನು ತೂಗುಹಾಕಬೇಕೆಂದು ಆಜ್ಞಾಪಿಸಿತು.

ಇಲ್ಲಿ ಒಂದು ಆಕ್ಷೇಪವು ಸಹಜವಾಗಿ ಏಳುತ್ತದೆ: “ಇದು ಬೆಂಗಳೂರು ಮುಂಬಯಿಗಳ ಮೈತುಂಬಿದ ಮಕ್ಕಳ ಚಿಂತೆ. ನಮ್ಮ ಹಳ್ಳಿಯ ಮಕ್ಕಳು ಮೊದಲೇ ಬಡಕಲು. ಅವರಿಗೆ ಸ್ವಲ್ಪ ಸಕ್ಕರೆ ಸೇರಿದರೆ ಬಲವೇ ಬರುವುದಲ್ಲವೆ?” ಈ ಮಾತು ಮೇಲ್ನೋಟಕ್ಕೆ ಸರಿಯೆಂದು ತೋರಿದರೂ, ಪರೀಕ್ಷಿಸಿ ನೋಡಿದರೆ ನಿಲ್ಲಲಾರದು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೩೫ ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರೆಂದೂ, ಅರ್ಧಕ್ಕಿಂತ ಹೆಚ್ಚು ಮಂದಿ ರಕ್ತಹೀನತೆಯುಳ್ಳವರೆಂದೂ ಕಂಡಿತು. ಇಂಥ ಮಗುವಿನ ದೇಹವು ಕೇಳುವುದು ಸಸಾರಜನಕ, ಕಬ್ಬಿಣ, ಸುಣ್ಣದ ಅಂಶಗಳನ್ನು. ಸಿಹಿಪೇಯದಲ್ಲಿ ಇವು ಮೂರೂ ಇಲ್ಲ. ಅದು ಹಸಿವನ್ನು ಅರೆಗಳಿಗೆ ಮರೆಸುತ್ತದೆ. ಮರೆತ ಹಸಿವು ಊಟದ ಗಂಟೆಯಲ್ಲಿ ಅನ್ನ ಸಾರನ್ನು ಅರ್ಧಕ್ಕೆ ಬಿಡಿಸುತ್ತದೆ. ಚಿಕ್ಕ ಹೊಟ್ಟೆಯಲ್ಲಿ ಸ್ಥಳವು ಚಿಕ್ಕದು. ಅದನ್ನು ಸಕ್ಕರೆಯ ನೀರು ಹಿಡಿದರೆ ಮೊಟ್ಟೆಗೂ ಬೇಳೆಗೂ ಎಡೆಯೆಲ್ಲಿ?

ಬಡಕಲು ಮೈಯವರಿಗೆ ಸಕ್ಕರೆ ರೋಗದ ಅಂಜಿಕೆಯಿಲ್ಲವೆಂಬುದೂ ಭ್ರಮೆಯೇ. ೨೦೧೬-೧೮ರಲ್ಲಿ ದೇಶದಾದ್ಯಂತ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ಐದರಿಂದ ಹತ್ತೊಂಬತ್ತರ ವಯಸ್ಸಿನವರಲ್ಲಿ ನೂರಕ್ಕೆ ಹತ್ತರಷ್ಟು ಮಂದಿ ಆ ರೋಗದ ಹೊಸ್ತಿಲಲ್ಲಿ ನಿಂತಿರುವುದು ಕಂಡುಬಂದಿತು. ಕುಡಿಯುವ ಸಕ್ಕರೆಯ ಗುಣವೂ ತಿನ್ನುವ ಸಕ್ಕರೆಯಿಂದ ಬೇರೆ. ಅಗಿದು ತಿಂದ ಹಣ್ಣು ಹೊಟ್ಟೆಗೆ ತೃಪ್ತಿಯನ್ನು ಕೊಟ್ಟು, ನಾರಿನ ದೆಸೆಯಿಂದ ಮೆಲ್ಲಗೆ ಜೀರ್ಣವಾಗುತ್ತದೆ. ಕುಡಿದ ಸಕ್ಕರೆಯು ಶೀಘ್ರವಾಗಿ ರಕ್ತವನ್ನು ಸೇರುತ್ತದೆ, ಹೊಟ್ಟೆ ತುಂಬಿತೆಂಬ ಅರಿವನ್ನು ಮಾತ್ರ ಕೊಡುವುದಿಲ್ಲ. ಇನ್ನು ಹಲ್ಲುಗಳ ಮಾತು. ಬಾಯಿಯ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಉಂಡು ಆಮ್ಲವನ್ನು ಬಿಡುತ್ತವೆ. ಕೋಲಾದಲ್ಲಿ ಆಮ್ಲವು ಮೊದಲೇ ಉಂಟು. ಗುಟುಕು ಗುಟುಕಾಗಿ ಗಂಟೆಯವರೆಗೆ ಹೀರುವ ಮಗುವಿನ ಹಲ್ಲಿನ ಮೇಲ್ಪದರವು ಅಷ್ಟು ಹೊತ್ತೂ ಆಮ್ಲದಲ್ಲಿ ನೆನೆಯುತ್ತಿರುತ್ತದೆ.

ಶಕ್ತಿಪೇಯಗಳ ಸಂಗತಿಯು ಇದಕ್ಕಿಂತಲೂ ಗಂಭೀರವಾದದ್ದು. ಇವುಗಳಲ್ಲಿ ಸಕ್ಕರೆಯ ಜೊತೆಗೆ ಕೆಫೀನೂ ಇರುತ್ತದೆ. ನಮ್ಮ ದೇಶದಲ್ಲಿ ಇಂಥವಕ್ಕೆಂದು ಗೊತ್ತುಪಡಿಸಿದ ಅಳತೆ ಲೀಟರಿಗೆ ೧೪೫ರಿಂದ ೩೦೦ ಮಿಲಿಗ್ರಾಂ. ಮಕ್ಕಳಿಗೂ ಗರ್ಭಿಣಿಯರಿಗೂ ಮೊಲೆಯೂಡಿಸುವ ತಾಯಂದಿರಿಗೂ ಇದು ಯೋಗ್ಯವಲ್ಲವೆಂದು ಡಬ್ಬಿಯ ಮೇಲೆ ಅಚ್ಚು ಹಾಕಲೇಬೇಕೆಂಬ ನಿಯಮವಿದೆ. ಆದರೆ ಆ ಅಕ್ಷರಗಳು ಸಣ್ಣವು. ಎಂಟನೆಯ ತರಗತಿಯ ಹುಡುಗನು ಓದುವುದು ಮೇಲಿನ ದೊಡ್ಡ ಹೆಸರನ್ನು ಮಾತ್ರ.

ಹಾಗಾದರೆ ಸರಕಾರವು ಇದುವರೆಗೆ ಸುಮ್ಮನಿತ್ತೇ? ಇರಲಿಲ್ಲ. ೨೦೦೬ರ ಆಗಸ್ಟಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಕೋಲಾಗಳಲ್ಲಿ ಕೀಟನಾಶಕದ ಅಂಶವಿರುವುದನ್ನು ಪ್ರಕಟಿಸಿದಾಗ ದೇಶದಲ್ಲೆಲ್ಲ ಕೋಲಾಹಲವಾಯಿತು. ಕೇರಳವು ಅವುಗಳ ತಯಾರಿಕೆಯನ್ನೂ ಮಾರಾಟವನ್ನೂ ಪೂರ್ತಿಯಾಗಿ ನಿಷೇಧಿಸಿತು. ಅದೇ ಸೆಪ್ಟೆಂಬರಿನಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯವು, ಅಂಥ ಅಧಿಕಾರವು ರಾಜ್ಯಕ್ಕಿಲ್ಲವೆಂದು ಆ ಆಜ್ಞೆಯನ್ನು ತೆಗೆದುಹಾಕಿತು. ನಮ್ಮ ಕರ್ನಾಟಕವೂ ಆ ಆಗಸ್ಟಿನಲ್ಲಿಯೇ ಸರಕಾರಿ ವಿದ್ಯಾಸಂಸ್ಥೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಮಾರಾಟವನ್ನು ತಡೆಯುವುದಾಗಿ ಪ್ರಕಟಿಸಿತು. ಆದರೆ ಆಗಿನ ಜಗಳವೆಲ್ಲ ಕೀಟನಾಶಕದ ಮೇಲೆಯೇ ನಡೆಯಿತು. ಸಕ್ಕರೆಯ ಮಾತನ್ನು ಎತ್ತಿದವರು ವಿರಳ. ಕೀಟನಾಶಕದ ಕೂಗು ತಣ್ಣಗಾದಂತೆ ಜನರು ತಡೆಯನ್ನೂ ಮರೆತರು.

ಬಳಿಕ ೨೦೧೦ರಲ್ಲಿ ಉದಯ ಫೌಂಡೇಶನ್ ಎಂಬ ಸಂಸ್ಥೆಯು ಶಾಲೆಗಳ ತಿಂಡಿತಿನಿಸಿನ ವಿಷಯವಾಗಿ ದೆಹಲಿಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ೨೦೧೫ರಲ್ಲಿ ತೀರ್ಪು ಬಂದಿತು. ಅದರ ಫಲವಾಗಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ೨೦೨೦ರ ಸೆಪ್ಟೆಂಬರಿನಲ್ಲಿ ಶಾಲಾಮಕ್ಕಳ ಆಹಾರದ ನಿಯಮಗಳನ್ನು ಹೊರಡಿಸಿತು; ಅವು ೨೦೨೧ರ ಜುಲೈ ೧ರಿಂದ ಜಾರಿಗೆ ಬಂದವು. ಕೊಬ್ಬು, ಉಪ್ಪು, ಬೆರೆಸಿದ ಸಕ್ಕರೆ ಇವು ಅಧಿಕವಾಗಿರುವ ಪದಾರ್ಥಗಳನ್ನು ಶಾಲೆಯ ಆವರಣದಲ್ಲಿಯಾಗಲಿ, ಶಾಲೆಯ ಬಾಗಿಲಿನಿಂದ ಎತ್ತ ಕಡೆಗೂ ೫೦ ಮೀಟರಿನೊಳಗಾಗಲಿ ಮಕ್ಕಳಿಗೆ ಮಾರಕೂಡದು, ಪುಕ್ಕಟೆಯಾಗಿ ಹಂಚಕೂಡದು, ಅವುಗಳ ಜಾಹೀರಾತನ್ನೂ ಮಾಡಕೂಡದು ಎಂಬುದೇ ಅದರ ಸಾರ. ಪಠ್ಯಪುಸ್ತಕದ ಹೊದಿಕೆಯ ಮೇಲೆ ಕಂಪೆನಿಯ ಹೆಸರು ಬರುವುದನ್ನೂ ಅದು ಒಪ್ಪುವುದಿಲ್ಲ. ಈ ನಿಷೇಧವನ್ನು ತಿಳಿಸುವ ಫಲಕವನ್ನು ಶಾಲೆಯು ತನ್ನ ಬಾಗಿಲಲ್ಲಿ ಹಾಕತಕ್ಕದ್ದು.

ಆದುದರಿಂದ ವಾಚಕರೇ, “ಸರಕಾರವು ತಡೆಯಬೇಕೇ?” ಎಂಬ ಪ್ರಶ್ನೆಗೆ ಕಾನೂನು ಆಗಲೇ ಹೌದೆಂದು ಉತ್ತರ ಕೊಟ್ಟಾಗಿದೆ. ಆ ಉತ್ತರವು ನ್ಯಾಯವಾದದ್ದೇ, ನ್ಯಾಯವಾದದ್ದಾದರೆ ಅದು ನಮ್ಮ ಊರಿನ ಓಣಿಗೆ ಬಂದು ಮುಟ್ಟುವುದು ಹೇಗೆ ಎಂಬೆರಡು ಪ್ರಶ್ನೆಗಳು ನಮಗೆ ಉಳಿದಿವೆ.

ನ್ಯಾಯದ ಮಾತನ್ನು ಮೊದಲು ನೋಡೋಣ. ತಾಯಿತಂದೆಗಳ ಹಕ್ಕಿಗೆ ಇದರಿಂದ ಭಂಗವಿಲ್ಲವೇ? ಮನೆಯಲ್ಲಿ ಮಗುವಿಗೆ ಏನು ಕೊಡಬೇಕೆಂಬುದನ್ನು ಈ ನಿಯಮವು ಮುಟ್ಟುವುದೇ ಇಲ್ಲ. ಹುಮನಾಬಾದದ ವೀರಭದ್ರೇಶ್ವರನ ಜಾತ್ರೆಯಲ್ಲಿ ತಂದೆಯು ಮಗನಿಗೆ ಒಂದು ಸೀಸೆ ಕೊಡಿಸಿದರೆ ಯಾರೂ ಬೇಡವೆನ್ನರು. ಜಾತ್ರೆಯು ವರ್ಷಕ್ಕೊಮ್ಮೆ, ಶಾಲೆಯು ವರ್ಷದಲ್ಲಿ ಇನ್ನೂರಕ್ಕೂ ಮಿಕ್ಕ ದಿನ. ಮಗುವು ಶಾಲೆಯ ಹೊಸ್ತಿಲು ದಾಟಿದ ಮೇಲೆ ತಾಯಿಯ ಕಣ್ಣು ಅಲ್ಲಿಗೆ ಮುಟ್ಟುವುದಿಲ್ಲ. ಆ ಹೊತ್ತಿನಲ್ಲಿ ಅದನ್ನು ಕಾಯತಕ್ಕವರು ಯಾರು? ನಮ್ಮ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಬಲವಾದ ಕಾರಣವುಂಟು. ಸರಕಾರವು ಇಲ್ಲಿನ ಮಗುವಿಗೆ ಶಾಲೆಯಲ್ಲಿ ಊಟ ಇಕ್ಕುತ್ತಿದೆ. ೨೦೧೩ರ ಆಗಸ್ಟಿನಿಂದ ಕ್ಷೀರಭಾಗ್ಯದ ಹೆಸರಿನಲ್ಲಿ ೧೫೦ ಮಿಲಿಲೀಟರು ಹಾಲು ಕೊಡಲು ತೊಡಗಿತು. ೨೦೨೧ರ ಡಿಸೆಂಬರಿನಲ್ಲಿ ಮೊಟ್ಟೆ, ಅದನ್ನು ತಿನ್ನದವರಿಗೆ ಬಾಳೆಹಣ್ಣು ಕೊಡುವ ಪ್ರಯೋಗವು ಪ್ರಾರಂಭವಾದಾಗ ಆರಿಸಿದ ಜಿಲ್ಲೆಗಳಲ್ಲಿ ಬೀದರವೂ ಇತ್ತು. ೨೦೨೪ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ರಾಜ್ಯದಲ್ಲೆಲ್ಲ ಅದು ವಾರಕ್ಕೆ ಆರು ದಿನವಾಯಿತು. ಹೀಗೆ ಸಾರ್ವಜನಿಕರ ಹಣದಿಂದ ಒಳಗೆ ಹಾಲು ಮೊಟ್ಟೆಗಳನ್ನು ಇಕ್ಕುತ್ತಿರುವಾಗ, ಬಾಗಿಲ ಹೊರಗೆ ಅದೇ ಹೊಟ್ಟೆಯನ್ನು ಸಕ್ಕರೆಯ ನೀರಿನಿಂದ ತುಂಬಿಸಲು ಬಿಡುವುದು ಬಿತ್ತಿದ ಹೊಲದ ಬೇಲಿಯನ್ನು ತೆರೆದಿಟ್ಟಂತೆಯೇ ಸರಿ. ಉಣಿಸುವ ಹೊಣೆಯನ್ನು ಹೊತ್ತ ಸರಕಾರಕ್ಕೆ ಕಾಯುವ ಹೊಣೆಯು ತಪ್ಪಿದ್ದಲ್ಲ.

ಅಂಗಡಿಕಾರರ ಗತಿಯೇನು? ಶಾಲೆಯ ಮಗ್ಗುಲಲ್ಲಿ ಸಣ್ಣ ಅಂಗಡಿ ಇಟ್ಟು ಸಂಸಾರ ಸಾಗಿಸುವವರು ನಮ್ಮಂಥ ಮನೆಯವರೇ. ಅನೇಕ ಕಡೆ ವಿಧವೆಯರು. ಅವರನ್ನು ಗದರಿಸಿ ದಂಡ ಹಾಕುವುದರಿಂದ ಕಾರ್ಯವಾಗಲಾರದು. ಶಾಲೆಯ ೧೦೦ ಗಜದೊಳಗೆ ತಂಬಾಕು ಮಾರಬಾರದೆಂಬ ಕಾನೂನು ೨೦೦೩ರಿಂದಲೂ ಇದೆ; ಕಾನೂನು ಬಂದ ಮಾತ್ರಕ್ಕೆ ಮಾರಾಟವು ನಿಲ್ಲುವುದಿಲ್ಲವೆಂಬುದಕ್ಕೆ ಅದೇ ಸಾಕ್ಷಿ. ಸೀಸೆಯ ಬದಲು ಶೇಂಗಾ ಚಿಕ್ಕಿ, ಹುರಿಗಡಲೆ, ಬಾಳೆಹಣ್ಣು, ಉಪ್ಪು ಜೀರಿಗೆ ಹಾಕಿದ ಮಜ್ಜಿಗೆ ಇವನ್ನು ಮಾರಿದರೆ ಲಾಭವು ಪೂರ್ತಿಯಾಗಿ ಹೋಗುವುದಿಲ್ಲ. ಅದಕ್ಕೆ ಪಾಲಕರ ಮನೆಗಳಿಂದಲೇ ಗಿರಾಕಿಗಳು ಬರಬೇಕು.

ಕಬ್ಬಿನ ರೈತನಿಗೆ ಹಾನಿಯಲ್ಲವೇ ಎಂಬುದು ಬೀದರ ಜಿಲ್ಲೆಯಲ್ಲಿ ಕೇಳಬೇಕಾದ ಪ್ರಶ್ನೆಯೇ. ಆದರೆ ದೇಶದಲ್ಲಿ ಖರ್ಚಾಗುವ ಸಕ್ಕರೆಯು ಚಹಕ್ಕೂ ಮಿಠಾಯಿಗೂ ಬಿಸ್ಕೀಟಿಗೂ ಹರಿದುಹೋಗುವ ದೊಡ್ಡ ಹೊಳೆ; ಶಾಲೆಯ ಬಾಗಿಲಿನ ಸೀಸೆಯು ಅದರಲ್ಲಿ ಒಂದು ಕೈಹಿಡಿ. ಇತ್ತೀಚಿನ ವರ್ಷಗಳಲ್ಲಿ ಪೆಟ್ರೋಲಿನಲ್ಲಿ ಬೆರೆಸುವ ಎಥೆನಾಲಿಗೂ ಕಬ್ಬು ಹೋಗುತ್ತಿದೆ. ಕಾರ್ಖಾನೆಯು ಸಮಯಕ್ಕೆ ನುರಿಯದಿದ್ದುದರಿಂದಲೂ, ಬಾಕಿಯು ತಡವಾದುದರಿಂದಲೂ, ಮಳೆ ಕೈಕೊಟ್ಟುದರಿಂದಲೂ ರೈತನು ನೊಂದಿದ್ದಾನೆ. ಮಗುವು ನೀರು ಕುಡಿದುದರಿಂದ ನೊಂದವನಲ್ಲ. ಆ ರೈತನ ಮಗುವೂ ಅದೇ ಶಾಲೆಯಲ್ಲಿ ಕುಳಿತಿದೆಯೆಂಬುದನ್ನು ಮರೆಯಬಾರದು. ನಿಜಕ್ಕಾದರೆ, ಶಾಲೆಯ ಮುಂದಿನ ಗಾಣದ ಕಬ್ಬಿನ ಹಾಲೂ ಸಕ್ಕರೆಯ ತೂಕದಲ್ಲಿ ಸೀಸೆಗೆ ಕಡಮೆಯಾದದ್ದಲ್ಲ. ನಮ್ಮದೆಂಬ ಮಮತೆಯಿಂದ ಅದನ್ನು ನಿತ್ಯದ ಪೇಯವಾಗಿ ಮಾಡಿಕೊಳ್ಳುವುದೂ ಯೋಗ್ಯವಲ್ಲ.

ಇನ್ನು ನಿಯಮವು ಓಣಿಗೆ ಮುಟ್ಟುವ ಬಗೆ. ಇಲ್ಲಿ ಮೂರು ಕೊರತೆಗಳು ಕಾಣುತ್ತವೆ.

ಮೊದಲನೆಯದು ಅಂಕೆಯ ಕೊರತೆ. ಸಕ್ಕರೆ ‘ಅಧಿಕ’ವಾದದ್ದೆಂದರೆ ಎಷ್ಟು ಗ್ರಾಮೆಂಬುದನ್ನು ೨೦೨೦ರ ನಿಯಮವು ತಾನೇ ಹೇಳದೆ, ಪ್ರಾಧಿಕಾರವು ಗೊತ್ತುಮಾಡುವ ಮಾನದಂಡಕ್ಕೆ ಬಿಟ್ಟಿದೆ. ಅಂಗಡಿಗೆ ಬಂದ ಅಧಿಕಾರಿಗೆ ಯಾವ ಸೀಸೆಯನ್ನು ತೋರಿಸಿ ಇದು ಸಲ್ಲದೆನ್ನಬೇಕೆಂಬುದು ನಿಚ್ಚಳವಾಗಿರಬೇಡವೇ? ಬ್ರಿಟನ್ ದೇಶವು ೨೦೧೮ರ ಏಪ್ರಿಲಿನಲ್ಲಿ ಸಿಹಿಪೇಯಗಳ ಮೇಲೆ ತೆರಿಗೆ ಹಾಕಿದಾಗ ೧೦೦ ಮಿಲಿಲೀಟರಿಗೆ ೫ ಗ್ರಾಂ, ೮ ಗ್ರಾಂ ಎಂದು ಎರಡು ಗೆರೆಗಳನ್ನು ಎಳೆಯಿತು. ಗೆರೆಯು ಸ್ಪಷ್ಟವಾಗಿದ್ದುದರಿಂದ ಬಹುಮಂದಿ ತಯಾರಕರು ತೆರಿಗೆ ಕೊಡುವುದಕ್ಕಿಂತ ಸಕ್ಕರೆಯನ್ನು ಇಳಿಸುವುದೇ ಲೇಸೆಂದು ಅದರ ಕೆಳಗೆ ಬಂದರು. ಮೆಕ್ಸಿಕೋ ದೇಶವು ೨೦೧೪ರಲ್ಲಿ ಲೀಟರಿಗೆ ಒಂದು ಪೆಸೋ ತೆರಿಗೆ ಹಾಕಿದ ಮೊದಲ ವರ್ಷದಲ್ಲಿ ಇವುಗಳ ಖರೀದಿಯು ಸರಾಸರಿ ನೂರಕ್ಕೆ ಆರರಷ್ಟು ಇಳಿಯಿತು, ಬಡ ಮನೆಗಳಲ್ಲಿ ಇನ್ನೂ ಹೆಚ್ಚು. ಅದೇ ದೇಶವು ೨೦೨೫ರ ಮಾರ್ಚಿನಲ್ಲಿ ಶಾಲೆಗಳೊಳಗಿನ ಮಾರಾಟವನ್ನು ನಿಷೇಧಿಸಿತು. ನಮ್ಮಲ್ಲಾದರೋ ೨೦೨೫ರ ಸೆಪ್ಟೆಂಬರ್ ೨೨ರಿಂದ ವಾಯು ತುಂಬಿದ ಪೇಯಗಳಿಗೆ ನೂರಕ್ಕೆ ೪೦ರ ತೆರಿಗೆ. ವಾಯುವಿಲ್ಲದ ಹಣ್ಣಿನ ರಸದ ಪೇಯಗಳಿಗೆ ೧೨ರಿಂದ ಇಳಿದು ೫. ಮಾವಿನ ಡಬ್ಬಿಯಲ್ಲಿ ಕೋಲಾದಷ್ಟೇ ಸಕ್ಕರೆಯಿದ್ದರೂ ಅದಕ್ಕೆ ತೆರಿಗೆ ಕಡಮೆ. ತೆರಿಗೆಯು ಗುಳ್ಳೆಗಳನ್ನು ಎಣಿಸಿತೇ ಹೊರತು ಸಕ್ಕರೆಯನ್ನು ತೂಗಲಿಲ್ಲ. ತಾಯಂದಿರು ಹಾಗೆ ಮೋಸಹೋಗದೆ ಡಬ್ಬಿಯ ಹಿಂಬದಿಯಲ್ಲಿ ೧೦೦ ಮಿಲಿಲೀಟರಿಗೆ ಎಷ್ಟು ಸಕ್ಕರೆಯೆಂದು ಬರೆದಿರುವುದನ್ನು ಓದುವ ಅಭ್ಯಾಸವನ್ನು ಇಟ್ಟುಕೊಳ್ಳಬೇಕು.

ಹೆಸರನ್ನು ನಂಬಿ ಕೆಟ್ಟ ಉದಾಹರಣೆಯು ಹುಮನಾಬಾದಕ್ಕೆ ನೆರೆಯ ಹೈದರಾಬಾದಿನಿಂದಲೇ ದೊರೆಯುತ್ತದೆ. ವಾಂತಿಭೇದಿಯಾದ ಮಕ್ಕಳಿಗೆ ಕೊಡುವ ಓಆರ್‌ಎಸ್ ಎಂಬ ಜೀವಜಲದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ, ಲೀಟರಿಗೆ ೧೩.೫ ಗ್ರಾಂ ಗ್ಲೂಕೋಸು ಮಾತ್ರ ಇರತಕ್ಕದ್ದು. ಅದೇ ಹೆಸರನ್ನು ಹೊತ್ತು, ಅದರ ಅನೇಕ ಪಟ್ಟು ಸಕ್ಕರೆ ತುಂಬಿದ ಡಬ್ಬಿಗಳು ಔಷಧದ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾಕ್ಟರ್ ಶಿವರಂಜನಿ ಸಂತೋಷ್ ಅವರು ವರ್ಷಗಟ್ಟಲೆ ಇದನ್ನು ವಿರೋಧಿಸಿದರು. ಕೊನೆಗೆ ೨೦೨೫ರ ಅಕ್ಟೋಬರಿನಲ್ಲಿ ಪ್ರಾಧಿಕಾರವು, ಆ ಅಳತೆಗೆ ಹೊಂದದ ಪೇಯಗಳ ಮೇಲೆ ಆ ಹೆಸರು ಬರಕೂಡದೆಂದು ಆಜ್ಞೆ ಮಾಡಿತು. ಒಬ್ಬ ವೈದ್ಯೆಯ ಹಟದಿಂದ ಇಷ್ಟಾದರೆ, ಒಂದು ಊರಿನ ತಾಯಂದಿರೆಲ್ಲರ ಹಟದಿಂದ ಏನಾಗಲಾರದು?

ಎರಡನೆಯದು ೫೦ ಮೀಟರಿನ ಕೊರತೆ. ಬಸವಕಲ್ಯಾಣದ ಹಳೆಯ ಪೇಟೆಯಂಥ ಇಕ್ಕಟ್ಟಾದ ಓಣಿಗಳಲ್ಲಿ ಅಷ್ಟು ದೂರದೊಳಗೆ ಹಲವು ಅಂಗಡಿಗಳು ಬಂದುಬಿಡುತ್ತವೆ. ಊರ ಹೊರಗಿನ ಹಳ್ಳಿಯ ಶಾಲೆಗೆ ಒಂದಾದರೂ ಬರಲಿಕ್ಕಿಲ್ಲ. ಹಳ್ಳಿಗಳಿಂದ ಬಸ್ಸು ಹಿಡಿದು ಬರುವ ದೊಡ್ಡ ಮಕ್ಕಳು ಶಾಲೆಯ ಬಾಗಿಲಿಗಿಂತ ಹೆಚ್ಚು ಹೊತ್ತನ್ನು ಬಸ್ ನಿಲ್ದಾಣದಲ್ಲಿ ಕಳೆಯುವರು. ಅಲ್ಲಿಗೆ ಈ ನಿಯಮವು ಮುಟ್ಟುವುದಿಲ್ಲ. ಮನೆಯ ಬುದ್ಧಿಮಾತು ಮಾತ್ರ ಮುಟ್ಟಬಲ್ಲದು. ಬಾಗಿಲ ಫಲಕದ ವಿಷಯದಲ್ಲಿಯೂ ಒಂದು ಮಾತುಂಟು. ಇಂಗ್ಲಿಷಿನಲ್ಲಾಗಲಿ ಒಂದು ದೇಶಭಾಷೆಯಲ್ಲಾಗಲಿ ಬರೆದರೆ ನಿಯಮಕ್ಕೆ ಸಾಕು. ಆದರೆ ಕನ್ನಡ, ಉರ್ದು, ಮರಾಠಿ ಮೂರನ್ನೂ ಆಡುವ ಈ ಊರುಗಳಲ್ಲಿ ಮೂರರಲ್ಲಿಯೂ ಬರೆದು ಹಾಕಿದರೆ, ಮಗುವನ್ನು ಬಿಡಲು ಬಂದ ಅಜ್ಜಿಗೂ ಅಂಗಡಿಯ ಚಾಚಾನಿಗೂ ಅದು ತಿಳಿಯುವುದು.

ಮೂರನೆಯದೂ ಎಲ್ಲಕ್ಕಿಂತ ದೊಡ್ಡದೂ ನೀರಿನ ಕೊರತೆ. ಬಾಯಾರಿದ ಮಗುವಿಗೆ ಸೀಸೆ ಬೇಡವೆಂದು ಹೇಳುವವನು, ಮತ್ತೇನನ್ನು ಕುಡಿಯಲಿ ಎಂಬುದಕ್ಕೆ ಉತ್ತರವಿಟ್ಟುಕೊಂಡಿರಬೇಕು. ನಮ್ಮ ಬಯಲುಸೀಮೆಯ ಬಿಸಿಲು ಎಂಥದೆಂದು ಹೇಳಬೇಕಾದುದಿಲ್ಲ. ೨೦೨೦ರ ಅಕ್ಟೋಬರ್ ೨ರಂದು ಕೇಂದ್ರ ಸರಕಾರವು ಶಾಲೆ ಅಂಗನವಾಡಿಗಳಿಗೆ ನೂರು ದಿನಗಳಲ್ಲಿ ನಳದ ನೀರು ಮುಟ್ಟಿಸುವ ಕಾರ್ಯವನ್ನು ಕೈಗೊಂಡಿತು. ಆದರೆ ನಳವನ್ನು ಕೂಡಿಸುವುದು ಬೇರೆ, ಅದರಲ್ಲಿ ನಿತ್ಯವೂ ಶುದ್ಧವಾದ ನೀರು ಬರುವುದು ಬೇರೆ. ಟಾಕಿಯನ್ನು ತೊಳೆಯದ, ಲೋಟವಿಲ್ಲದ, ಬೇಸಗೆಯಲ್ಲಿ ನೀರು ಕಾದ ಶಾಲೆಯಲ್ಲಿ ಮಗುವು ತಂಪಾದ ಸೀಸೆಯ ಕಡೆಗೆ ಹೋದರೆ ತಪ್ಪು ಮಗುವಿನದಲ್ಲ. ಹೆಣ್ಣುಮಕ್ಕಳ ಕಷ್ಟವು ಇನ್ನೂ ಒಂದು ತೂಕ ಹೆಚ್ಚು: ಶೌಚಾಲಯವು ಸರಿಯಿಲ್ಲದ ಕಡೆ ಅವರು ನೀರನ್ನೇ ಕುಡಿಯದೆ ಸಂಜೆಯವರೆಗೆ ತಡೆದುಕೊಂಡಿರುವರು, ದಾರಿಯಲ್ಲಿ ದಾಹವು ಮೀರಿದಾಗ ಸಿಕ್ಕಿದ್ದನ್ನು ಕುಡಿಯುವರು. ಆದಕಾರಣ ಸಿಹಿಪೇಯವನ್ನು ತಡೆಯುವ ಆಜ್ಞೆಯು ನೀರಿನ ಮನೆಯಿಂದಲೂ ಶೌಚಾಲಯದಿಂದಲೂ ಪ್ರಾರಂಭವಾಗತಕ್ಕದ್ದು. ಕೇರಳದ ಶಾಲೆಗಳು ೨೦೧೯ರಲ್ಲಿ ‘ನೀರಿನ ಗಂಟೆ’ಯೆಂಬ ಪದ್ಧತಿಯನ್ನು ತಂದವು, ದಿನದಲ್ಲಿ ಕೆಲವು ಸಲ ಗಂಟೆ ಬಾರಿಸಿ, ಮಕ್ಕಳೆಲ್ಲರೂ ಆಗ ನೀರು ಕುಡಿಯುವಂತೆ ಮಾಡುವುದು. ಗಂಟೆಯು ಎಲ್ಲ ಶಾಲೆಯಲ್ಲಿಯೂ ಇದೆ. ಈ ಏರ್ಪಾಡಿಗೆ ಹಣ ಬೇಕಿಲ್ಲ.

ರಾಜ್ಯ ಸರಕಾರಕ್ಕೆ ಮನಸ್ಸಿದ್ದರೆ ಮಾರ್ಗವುಂಟೆಂಬುದೂ ಕಂಡ ಸಂಗತಿಯೇ. ೨೦೨೪ರ ಮಾರ್ಚಿನಲ್ಲಿ ಬೊಂಬಾಯಿ ಮಿಠಾಯಿಗೂ ಗೋಬಿ ಮಂಚೂರಿಗೂ ಹಾಕುತ್ತಿದ್ದ ರೋಡಮೀನ್-ಬಿ ಎಂಬ ವಿಷಬಣ್ಣವನ್ನು ಕರ್ನಾಟಕವು ನಿಷೇಧಿಸಿತು. ಬಣ್ಣದ ಮೇಲೆ ತೋರಿದ ಎಚ್ಚರವನ್ನೇ ಶಾಲೆಯ ಬಾಗಿಲಿನ ಸಕ್ಕರೆಯ ಮೇಲೂ ತೋರಲಿ. ಗ್ರಾಮಿನ ಗೆರೆಯನ್ನು ಎಳೆಯಲಿ, ನೀರಿನ ಲೆಕ್ಕವನ್ನು ಕೇಳಲಿ. ಅಂಗಡಿಕಾರನನ್ನು ದಂಡಿಸುವ ಮೊದಲು ತಿಳಿಸಿ ಹೇಳಲಿ.

ಕೊನೆಗೆ ನಮ್ಮ ಮನೆಯ ಕೆಲಸ. ಸರಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೆಂಬುದಿದೆ. ಪಾಲಕರೇ ಅದರ ಸದಸ್ಯರು. ಮುಂದಿನ ಸಭೆಯಲ್ಲಿ ತಾಯಂದಿರು ಮೂರೇ ಮಾತು ಕೇಳಲಿ: ಬಾಗಿಲಿಗೆ ಫಲಕ ಹಾಕಿದ್ದಾರೆಯೇ? ಟಾಕಿಯನ್ನು ತೊಳೆದದ್ದು ಯಾವಾಗ? ಶೌಚಾಲಯದಲ್ಲಿ ನೀರಿದೆಯೇ? ಆಗ ಉತ್ತರ ಬಾರದಿದ್ದರೆ ತಾಲೂಕಿನ ಶಿಕ್ಷಣಾಧಿಕಾರಿಗಳಿಗೂ ಆಹಾರ ಸುರಕ್ಷತಾ ಅಧಿಕಾರಿಗಳಿಗೂ ಒಂದು ಅರ್ಜಿ ಬರೆದರಾಯಿತು. ಮಗುವಿಗೆ ಮುಂಜಾನೆ ಹತ್ತು ರೂಪಾಯಿ ಕೊಡುವ ಬದಲು ಸ್ವಚ್ಛವಾದ ಒಂದು ತಂಬಿಗೆ ನೀರನ್ನೂ ಒಂದು ಹಿಡಿ ಶೇಂಗಾ ಬೆಲ್ಲವನ್ನೂ ಕಟ್ಟಿ ಕಳಿಸುವುದು ಯಾವ ಮನೆಗೂ ಭಾರವಲ್ಲ. ಮನೆಗೆ ಬಂದ ಬೀಗರ ಮುಂದೆ ದೊಡ್ಡ ಸೀಸೆಯನ್ನು ಇಡುವುದೇ ಮರ್ಯಾದೆಯೆಂಬ ಹೊಸ ಪದ್ಧತಿಯನ್ನು ಬಿಟ್ಟು, ಮಜ್ಜಿಗೆಯನ್ನೋ ತೆಳ್ಳಗಿನ ನಿಂಬೆಯ ಪಾನಕವನ್ನೋ ಕೊಡೋಣ. ಪಾನಕದಲ್ಲಿಯೂ ಸಕ್ಕರೆಯುಂಟು, ದಿಟ. ಆದರೆ ಅಲ್ಲಿ ಚಮಚೆಯು ನಮ್ಮ ಕೈಯಲ್ಲಿದೆ.

ಬಾಯಾರಿ ಬಂದವರಿಗೆ ಅರವಟ್ಟಿಗೆಯಿಟ್ಟು ನೀರೆರೆಯುವುದನ್ನು ಪುಣ್ಯವೆಂದು ತಿಳಿದ ನಾಡು ನಮ್ಮದು. ಆ ಪುಣ್ಯದ ಮೊದಲ ಪಾಲು ಶಾಲೆಯ ಮಕ್ಕಳಿಗೆ ಸಲ್ಲಲಿ. ತಡೆಯ ಆಜ್ಞೆಯನ್ನು ಸರಕಾರವು ನಡೆಸಲಿ. ನೀರು ತುಂಬಿದೆಯೇ ಎಂದು ದಿನವೂ ನೋಡುವ ಕೆಲಸವನ್ನು ನಾವು ವಹಿಸಿಕೊಳ್ಳೋಣ.